ಬೇಡ ಅಂತ ಬರೆದುಕೊಟ್ಟ ಕೆಲಸವನ್ನೇ ಮಾಡಿ ನನ್ನ ಹಳೆಯ ಹೊಲಿಗೆ ಮೆಷಿನ್ ಹಾಳು ಮಾಡಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಹೊಲಿಗೆ ಮೆಷಿನ್ ರಿಪೇರಿ ವಿಭಾಗ

ವಿಷಯ: ಸಿಂಗರ್ 27ಕೆ ಕೈಮೆಷಿನ್, ಎಫ್ ಅಕ್ಷರದ ಸೀರಿಯಲ್ ನಂಬರ್, ಒಪ್ಪಿಗೆ ಇಲ್ಲದೆ ಬಣ್ಣ ಹೊಡೆದಿದ್ದು, ಕೆಳಗಿನ ದಾರದ ಬಾಬಿನ್ ಹೊರುವ ಷಟಲ್ ಬದಲಾಗಿದ್ದು

ಮಾನ್ಯರೇ,

ಆರು ಸಲ ಫೋನ್ ಮಾಡಿದೆ. ಆರು ಸಲವೂ "ನಾಳೆ ನಾವೇ ಕಾಲ್ ಮಾಡ್ತೀವಿ ಮೇಡಂ" ಅಂದರು. ಯಾರೂ ಮಾಡಲಿಲ್ಲ. ಮೊನ್ನೆ ಏಳನೇ ಸಲ ಮಾಡಿದಾಗ ಒಬ್ಬ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಳು, "ನಿಮ್ಮ ಜಾಬ್ ಕಾರ್ಡ್ ಕ್ಲೋಸ್ ಆಗಿದೆಯಲ್ಲ ಮೇಡಂ, ಗ್ರಾಹಕರಿಗೆ ತೃಪ್ತಿ ಅಂತ ಬರೆದಿದೆ." ನನಗೆ ತೃಪ್ತಿ ಆಗಿದೆ ಅಂತ ಬರೆದವರು ಯಾರು? ನಾನಂತೂ ಬರೆದಿಲ್ಲ. ಸಹಿಯೂ ಹಾಕಿಲ್ಲ. ಅದಕ್ಕೇ ಈ ಪತ್ರ.

ನಾನು ನಿಮಗೆ ಮೆಷಿನ್ ಕೊಟ್ಟಾಗ ನನ್ನ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಮಣಿಕಟ್ಟು ಮುರಿದಿರದಿದ್ದರೆ ನಿಮ್ಮ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಮನೆಯಲ್ಲಿ ಐದು ಹಳೆಯ ಮೆಷಿನ್ ಇವೆ. ಎಲ್ಲವನ್ನೂ ನಾನೇ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಓಡಿಸಿದ್ದೇನೆ. ಅವು ಶೋಕೇಸಿಗೆ ಇಟ್ಟವಲ್ಲ, ಎಲ್ಲದರಲ್ಲೂ ಹೊಲಿಯುತ್ತೇನೆ. ಈ 27ಕೆ ಹನ್ನೊಂದು ವರ್ಷದಿಂದ ನನ್ನ ಹತ್ತಿರ ಇದೆ. ಕೆಲವು ತಿಂಗಳು ಮುಟ್ಟದೆ ಬಿಟ್ಟಿದ್ದಕ್ಕೆ ಎಣ್ಣೆ ಗೋಂದಿನ ಹಾಗೆ ಕಟ್ಟಿಕೊಂಡು ಚಕ್ರ ಬಿಗಿಯಾಗಿತ್ತು. ಅಷ್ಟೇ.

ಜಾಬ್ ಕಾರ್ಡಿನಲ್ಲಿ ಎಡಗೈಯಲ್ಲಿ, ಕಷ್ಟಪಟ್ಟು, ನಾನೇ ಬರೆದಿದ್ದೆ. ಬಿಗಿಯಾದದ್ದನ್ನು ಬಿಡಿಸಿ. ಟೆನ್ಷನ್ ಸ್ಪ್ರಿಂಗ್ ಬದಲಿಸಿ. ಬಾಬಿನ್ ಸುತ್ತುವ ರಬ್ಬರ್ ರಿಂಗ್ ಬದಲಿಸಿ. ಅದರ ಕೆಳಗೆ ಎರಡು ಗೆರೆ ಎಳೆದು: "ಬಣ್ಣ ಮುಟ್ಟಬೇಡಿ. ಸ್ಪಿರಿಟ್, ಥಿನ್ನರ್ ಯಾವುದೂ ಬೇಡ." ಕಾರ್ಡಿನ ಹಿಂದೆ ಅಚ್ಚಾಗಿರುವ ನಿಮ್ಮ ನಿಯಮಗಳು ಏನು ಹೇಳುತ್ತವೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಸ್ಪಿರಿಟ್ ಬೇಡ ಅಂತ ನಾನು ಸುಮ್ನೆ ಬರೆದದ್ದಲ್ಲ. ಈ ಮೆಷಿನ್‌ಗಳ ಕಪ್ಪು ಬಣ್ಣ ಒಲೆಯಲ್ಲಿ ಬೇಯಿಸಿ ಕೂರಿಸಿದ್ದು, ಗಟ್ಟಿ. ಅದರ ಮೇಲೆ ಡೆಕಾಲ್, ಅಂದರೆ ಚಿನ್ನದ ಬಣ್ಣದ ಚಿತ್ರ. ಚಿತ್ರವನ್ನು ಕಾಯಲು ಅದರ ಮೇಲೆ ಅರಗಿನ ತೆಳುವಾದ ಪದರ, ಶೆಲ್ಯಾಕ್. ಅರಗು ಸ್ಪಿರಿಟ್‌ಗೆ ಕರಗುತ್ತದೆ. ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿದರೆ ಮೊದಲು ಬೆಳ್ಳಗಾಗುತ್ತದೆ, ಇನ್ನೊಂದು ಸಲ ಒರೆಸಿದರೆ ಚಿನ್ನ ಬಟ್ಟೆಗೆ ಬಂದುಬಿಡುತ್ತದೆ. ಹಳೆಯ ಮೆಷಿನ್ ಮುಟ್ಟುವವರು ಮೊದಲು ಕಲಿಯುವ ಪಾಠ ಇದು. ಹಳೆಯ ಮೆಷಿನ್ ರಿಪೇರಿ ಮಾಡುತ್ತೇವೆ ಅಂತ ನೀವೇ ಬೋರ್ಡ್ ಹಾಕಿದ್ದೀರಿ.

ನನ್ನ ಮೆಷಿನ್ ಮೇಲೆ ಇದ್ದದ್ದು ಸ್ಫಿಂಕ್ಸ್. ಮನುಷ್ಯರ ಮುಖ, ಸಿಂಹದ ಮೈ, ರೆಕ್ಕೆ ಇರುವ ಪ್ರಾಣಿ, ಚಿನ್ನದ ಬಣ್ಣದ ನಡುವೆ ಕೆಂಪು, ಹಸಿರು. ಈ ಡೆಕಾಲ್‌ಗೆ ಸಂಗ್ರಹಕಾರರು ಮೆಂಫಿಸ್ ಅಂತಲೂ ಹೇಳುತ್ತಾರೆ. ಸೀರಿಯಲ್ ನಂಬರ್ ಎಫ್ ಅಕ್ಷರದಿಂದ ಶುರುವಾಗುತ್ತದೆ, ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನ ಕಿಲ್ಬೋವಿ ಕಾರ್ಖಾನೆಯದು. 27ರ ಮುಂದಿನ ಕೆ ಅಕ್ಷರವೂ ಕಿಲ್ಬೋವಿಯದ್ದೇ. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ನಕಲು ಡೆಕಾಲ್ ಸಿಗುತ್ತದೆ, ನನಗೆ ಗೊತ್ತು. ಆದರೆ ನನ್ನ ಮೆಷಿನ್‌ನಲ್ಲಿ ಮುಂದಿನ ಅಂಚಿನ ಚಿನ್ನ ಸವೆದಿತ್ತು. ಹೊಲಿಯುವವರ ಎಡಗೈ ಬಟ್ಟೆ ತಳ್ಳುತ್ತಾ ಕೂರುವ ಜಾಗ ಅದು. ಅಂಗೈ ಅಗಲದಷ್ಟು ಚಿತ್ರ ಮಾಸಿ, ಕಪ್ಪು ಮಾತ್ರ ನುಣುಪಾಗಿ ಉಳಿದಿತ್ತು. ನನಗಿಂತ ಮುಂಚೆ ಎಷ್ಟು ಜನ ಅಲ್ಲಿ ಕೈ ಇಟ್ಟು ಹೊಲಿದರೋ. ನನ್ನ ಕೈಯೂ ಅಲ್ಲೇ ಕೂರುತ್ತಿತ್ತು. ಆ ಸವೆತವನ್ನು ಯಾವ ನಕಲು ಡೆಕಾಲ್ ತಂದುಕೊಡುತ್ತದೆ?

ಈಗ ಅಲ್ಲಿ ಹೊಳೆಯುವ ಸ್ಪ್ರೇ ಪೇಂಟ್ ಇದೆ. ಅದರ ಮೇಲೆ ಒಂದು ಸ್ಟಿಕ್ಕರ್.

ನಾನು ಮೆಷಿನ್ ವಾಪಸ್ ತರಲು ಬಂದ ದಿನ ಏನಾಯಿತು ಅಂತ ಪೂರ್ತಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಕಂಪ್ಯೂಟರಿನಲ್ಲಿ ಅದು ಇಲ್ಲ.

ಶನಿವಾರ, ಬೆಳಿಗ್ಗೆ ಹನ್ನೊಂದೂವರೆ. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಕೌಂಟರಿನಲ್ಲಿದ್ದವರು ಮೆಷಿನ್ ಎತ್ತಿ ಗಾಜಿನ ಮೇಲೆ ಇಟ್ಟರು. ನಾನು ಅದನ್ನು ನೋಡಿ, "ಇದು ನನ್ನದಲ್ಲ" ಅಂದೆ. ನಿಜವಾಗಿ ಹಾಗೇ ಅಂದುಕೊಂಡಿದ್ದೆ. ಅವರು ನಂಬರ್ ತೋರಿಸಿದರು. ಅಚ್ಚೊತ್ತಿದ ನಂಬರಿನ ಗೆರೆಗಳೊಳಗೂ ಪೇಂಟ್ ತುಂಬಿತ್ತು, ಮೊಬೈಲ್ ಬೆಳಕು ಹಿಡಿದು ಓದಬೇಕಾಯಿತು. ಎಫ್. ನನ್ನದೇ.

"ಚಿತ್ರ ಎಲ್ಲಿ ಹೋಯ್ತು?" ಅಂದೆ.

"ಯಾವ ಚಿತ್ರ ಮೇಡಂ? ಏನೋ ಗೂಬೆ ಥರ ಇತ್ತಲ್ಲ, ಅದಾ? ಕ್ಲೀನ್ ಮಾಡುವಾಗ ಹೋಯ್ತು. ಅಸಹ್ಯವಾಗಿ ಕಾಣ್ತಿತ್ತು ಅಂತ ನಾವೇ ಪೇಂಟ್ ಹೊಡೆದ್ವಿ. ಅದಕ್ಕೆ ದುಡ್ಡು ತಗೊಂಡಿಲ್ಲ."

ನಾನು ಕಾರ್ಡ್ ತೆಗೆದು, ಎರಡು ಗೆರೆ ಎಳೆದ ಸಾಲು ತೋರಿಸಿದೆ. ಅವರು ಓದಲಿಲ್ಲ. ನನ್ನ ಹಿಂದಿದ್ದವರ ಕಡೆ ತಿರುಗಿ, "ನೀವೇ ಹೇಳಿ ಸರ್, ಹೊಸದರ ಹಾಗೆ ಕಾಣ್ತಿಲ್ವಾ?" ಅಂದರು. ಒಬ್ಬರು ಹೌದು ಅಂದರು. ಇನ್ನೊಬ್ಬರು ನಕ್ಕರು. ನಾನು ಏನೂ ಹೇಳಲಿಲ್ಲ, ಗಂಟಲು ಕಟ್ಟಿತ್ತು.

ಆಮೇಲೆ ಅವರು ಒಂದು ನೀಲಿ ತುಂಡು ಬಟ್ಟೆ ಕೊಟ್ಟು, "ಹೊಲಿದು ನೋಡಿ, ಬೆಣ್ಣೆ ಥರ ಓಡುತ್ತೆ" ಅಂದರು. ತಿರುಗಿಸಿದೆ. ಮೂರು ಹೊಲಿಗೆ ಬಿತ್ತು, ನಾಲ್ಕು ತಪ್ಪಿತು. ಮತ್ತೆ ತಿರುಗಿಸಿದೆ, ಒಂದೂ ಬೀಳಲಿಲ್ಲ. ಅವರು ಜೋರಾಗಿ ಕೇಳಿದರು: "ಮೇಡಂ, ನಿಮಗೆ ಹೊಲಿಯೋಕೆ ಬರುತ್ತಾ?"

ನಲವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅದೂ ನಾಲ್ಕು ಜನ ಅಪರಿಚಿತರ ಮುಂದೆ.

ಬಗ್ಗಿ ನೋಡಿದೆ. ಸೂಜಿ ಉಲ್ಟಾ ಹಾಕಿತ್ತು, ಚಪ್ಪಟೆ ಬದಿ ಇರಬೇಕಾದ ಕಡೆ ಇರಲಿಲ್ಲ. ಪ್ಲಾಸ್ಟರ್ ಬಿಚ್ಚಿ ವಾರವೂ ಆಗಿರಲಿಲ್ಲ, ಬೆರಳಲ್ಲಿ ಬಲ ಇರಲಿಲ್ಲ. ಹಾಗೇ ಸ್ಕ್ರೂ ಸಡಿಲ ಮಾಡಿ, ಸೂಜಿ ತಿರುಗಿಸಿ, ಮತ್ತೆ ದಾರ ಪೋಣಿಸಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಹಿಂದಿನವರು ನಿಟ್ಟುಸಿರು ಬಿಡುವುದು ಕೇಳುತ್ತಿತ್ತು. ಹೊಲಿಗೆ ಬಿತ್ತು. ಆಗ ಅವರು ಹೇಳಿದ್ದು: "ನಿಮಗೇ ಎಲ್ಲಾ ಬರುತ್ತಲ್ಲ, ಮತ್ತೆ ನಮ್ಮ ಹತ್ರ ಯಾಕೆ ತಂದ್ರಿ? ಹಳೇ ಕಬ್ಬಿಣಕ್ಕೆ ಇಷ್ಟೊಂದು ಮಾತಾ?"

ಒಂದು ನಿಮಿಷ ಮೊದಲು ನನಗೆ ಹೊಲಿಯೋಕೇ ಬರುತ್ತಿರಲಿಲ್ಲ. ಸೂಜಿ ಸರಿ ಮಾಡಿದ ಮೇಲೆ ಜಾಸ್ತಿ ಗೊತ್ತಿರುವುದೇ ನನ್ನ ತಪ್ಪಾಯಿತು. ಈ ಎರಡು ಮಾತಿಗೂ ನನಗೆ ಉತ್ತರ ಬೇಕು.

ಮನೆಗೆ ತಂದು ನೋಡಿದಾಗ ಉಳಿದದ್ದೂ ಗೊತ್ತಾಯಿತು. ಎಣ್ಣೆ ಬಿಡುವ ತೂತುಗಳಲ್ಲಿ ಪೇಂಟ್ ಒಣಗಿ ಕೂತಿದೆ. ಹಾಕಿದ ಎಣ್ಣೆ ಒಳಗೆ ಇಳಿಯದೆ ಮೇಲೆಯೇ ಹರಿಯುತ್ತದೆ. ಹೀಗೇ ಓಡಿಸಿದರೆ ಒಳಗಿನ ಭಾಗಗಳು ಒಣಗಿ ಸವೆಯುತ್ತವೆ. ಒಂದೊಂದು ತೂತನ್ನೂ ಪಿನ್ನು ಹಾಕಿ ಕೆರೆಯುತ್ತಾ ಎರಡು ದಿನ ಕೂತಿದ್ದೇನೆ. ಬಾಬಿನ್ ಸುತ್ತಲು ಚಕ್ರದ ನಡುವಿನ ತಿರುಪು ಸಡಿಲ ಮಾಡಿದರೆ ಸೂಜಿ ನಿಲ್ಲಬೇಕು, ನಿಲ್ಲಲಿಲ್ಲ. ಒಳಗಿನ ಕ್ಲಚ್ ವಾಷರ್ ಉಲ್ಟಾ ಕೂರಿಸಿದ್ದರು. ಅದನ್ನು ಅರ್ಧ ಸುತ್ತು ತಿರುಗಿಸಿ ಹಾಕಿದೆ, ಸರಿಯಾಯಿತು. ಎರಡು ನಿಮಿಷದ ಕೆಲಸ. ನಿಮ್ಮಲ್ಲಿ ಮೂರು ವಾರ ಇತ್ತು ಈ ಮೆಷಿನ್.

ಇನ್ನು ಷಟಲ್. ಈ ಮಾದರಿಯಲ್ಲಿ ಗುಂಡನೆಯ ಬಾಬಿನ್ ಇಲ್ಲ. ಉದ್ದನೆಯ ಬಾಬಿನ್, ಅದನ್ನು ಹೊತ್ತ ಬುಲೆಟ್ ಆಕಾರದ ಉಕ್ಕಿನ ಷಟಲ್, ನೇಕಾರರ ಲಾಳಿಯ ಹಾಗೆ ಹಿಂದೆ ಮುಂದೆ ತೂಗುತ್ತಾ ಮೇಲಿನ ದಾರದ ಕುಣಿಕೆಯೊಳಗೆ ನುಗ್ಗುತ್ತದೆ. ಅದರ ಮೂತಿ ನುಣುಪಾಗಿದ್ದರೆ ಹೊಲಿಗೆ, ಇಲ್ಲದಿದ್ದರೆ ಇಲ್ಲ. ನನ್ನ ಷಟಲ್‌ನ ಮೂತಿ ಕನ್ನಡಿಯ ಹಾಗೆ ಇತ್ತು. ಹಿಂಭಾಗದಲ್ಲಿ ಉಗುರಿನಷ್ಟು ಉದ್ದದ ಒಂದು ಗೀರಿತ್ತು. ಈಗ ಇರುವುದರ ಮೂತಿಯಲ್ಲಿ ತುಕ್ಕು ತಿಂದ ಗುಳಿಗಳಿವೆ. ಬೆರಳಿಗೆ ತರಚುತ್ತದೆ. ದಾರ ಪ್ರತಿ ಗೇಣಿಗೆ ಒಮ್ಮೆ ಕಡಿಯುತ್ತದೆ. ಗೀರು ಇಲ್ಲ. ಇದು ಬೇರೆ ಯಾರದೋ ಷಟಲ್. ನನ್ನದು ನಿಮ್ಮ ಯಾವುದೋ ಡಬ್ಬಿಯಲ್ಲಿ ಇದೆ, ಅಥವಾ ಬೇರೆಯವರ ಮೆಷಿನ್‌ನಲ್ಲಿ ಓಡುತ್ತಿದೆ. ಹಳೆಯ ಭಾಗ ಗ್ರಾಹಕರಿಗೆ ವಾಪಸ್ ಅಂತ ಏಳನೇ ನಿಯಮ. ಇದು ಬದಲಾಯಿಸಿ ಅಂತ ನಾನು ಹೇಳಿದ ಭಾಗವೂ ಅಲ್ಲ.

ನನಗೆ ಬೇಕಾದದ್ದು ಇಷ್ಟು. ಗೀರು ಇರುವ ನನ್ನ ಷಟಲ್ ವಾಪಸ್ ಬೇಕು. ಕೊಟ್ಟ ಹಣ ಪೂರ್ತಿ ವಾಪಸ್ ಬೇಕು. ಯಾರು ಸ್ಪಿರಿಟ್ ಹಚ್ಚಿದರು, ಕಾರ್ಡ್ ಓದಿದರೋ ಇಲ್ಲವೋ, ತೃಪ್ತಿ ಅಂತ ಯಾರು ಬರೆದರು, ಇದೆಲ್ಲಾ ಬರಹದಲ್ಲಿ ಬೇಕು. ಹೊಸ ಮೆಷಿನ್ ಮೇಲೆ ರಿಯಾಯಿತಿ ಕೊಡುತ್ತೇವೆ ಅಂತ ಫೋನಿನಲ್ಲಿ ಆ ಹುಡುಗಿ ಹೇಳಿದಳು. ಅದು ನನಗೆ ಬೇಡ. ದಯವಿಟ್ಟು ಇನ್ನೊಮ್ಮೆ ಅದನ್ನು ಹೇಳಿಸಬೇಡಿ.

ಹದಿನೈದು ದಿನ ಕಾಯುತ್ತೇನೆ. ಕೊಡುವ ಮೊದಲು ನಾನು ಎಲ್ಲಾ ಕಡೆಯಿಂದ ಫೋಟೋ ತೆಗೆದಿಟ್ಟಿದ್ದೆ, ಸ್ಫಿಂಕ್ಸ್‌ನದ್ದು, ಷಟಲ್‌ನದ್ದು, ಸವೆದ ಅಂಚಿನದ್ದು. ಜಾಬ್ ಕಾರ್ಡಿನ ನನ್ನ ಪ್ರತಿಯೂ ಇದೆ. ಉತ್ತರ ಬರದಿದ್ದರೆ ಇವೆಲ್ಲಾ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತವೆ. ಹಳೆಯ ಮೆಷಿನ್ ಇಟ್ಟುಕೊಂಡಿರುವ ನನಗೆ ಗೊತ್ತಿರುವ ಪ್ರತಿಯೊಬ್ಬರಿಗೂ ಹೋಗುತ್ತವೆ. ಅಷ್ಟೇ ಅಲ್ಲ. ನಾನೇ ಮೆಷಿನ್ ಹೊತ್ತುಕೊಂಡು ಬರುತ್ತೇನೆ. ಶನಿವಾರ ಹನ್ನೊಂದೂವರೆಗೆ, ಜನ ಇರುವಾಗ, ಅದೇ ಗಾಜಿನ ಮೇಲೆ ಇಟ್ಟು, ಪಕ್ಕದಲ್ಲಿ ಹಳೆಯ ಫೋಟೋ ಇಡುತ್ತೇನೆ. ಮೆಷಿನ್ ಕೊಡಲು ಬಂದ ಪ್ರತಿಯೊಬ್ಬರಿಗೂ ಎರಡನ್ನೂ ತೋರಿಸುತ್ತೇನೆ. ನನ್ನ ಷಟಲ್ ಕೈಗೆ ಬರುವ ತನಕ ಅಲ್ಲಿಂದ ಏಳುವುದಿಲ್ಲ.

ಇಂತಿ,
ಎಫ್ ನಂಬರಿನ 27ಕೆ ಮೆಷಿನ್‌ನ ಒಡತಿ

ಲಗತ್ತು: ಜಾಬ್ ಕಾರ್ಡಿನ ಎರಡೂ ಬದಿಯ ಪ್ರತಿ, ಒಂಬತ್ತು ಫೋಟೋ, ಹೊಲಿಗೆ ತಪ್ಪಿದ ಆ ನೀಲಿ ತುಂಡು ಬಟ್ಟೆ