ಡಿಸೆಂಬರ್ 31ರ ಸಂಜೆಯ ಕುಟುಂಬ ಪ್ರಾರ್ಥನೆ: ಎಲ್ಲರೂ ಓದಿ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು.

31ರ ಸಂಜೆ 7ಕ್ಕೆ ದೊಡ್ಡಪ್ಪನ ಮನೆಯಲ್ಲಿ ಪ್ರಾರ್ಥನೆ, ಊಟ. ಆಮೇಲೆ ಒಟ್ಟಿಗೆ ಚರ್ಚಿನ ನಡುರಾತ್ರಿ ಆರಾಧನೆಗೆ ಹೋಗೋಣ.

ಈ ಸಲ ಲೂಕನ ಸುವಾರ್ತೆ 2ನೇ ಅಧ್ಯಾಯದ ಕೊನೆಯ ಭಾಗ ಓದುತ್ತೇವೆ. 12 ವರ್ಷದ ಯೇಸು ಯೆರೂಸಲೇಮಿನಲ್ಲೇ ಉಳಿದ ಪ್ರಸಂಗ. ಪಸ್ಕ ಹಬ್ಬ ಮುಗಿಸಿ ಹೊರಟ ಮರಿಯ, ಯೋಸೇಫರು, ಮಗ ಜೊತೆಯವರ ಗುಂಪಿನಲ್ಲೇ ಇದ್ದಾನೆ ಅಂದುಕೊಂಡು ಒಂದು ದಿನದ ದಾರಿ ನಡೆದುಬಿಟ್ಟರು! ಸಿಕ್ಕಿದ್ದು ಮೂರು ದಿನದ ಮೇಲೆ, ದೇವಾಲಯದಲ್ಲಿ. "ಮಗು ಚಿಕ್ಕಮ್ಮನ ಕಾರಿನಲ್ಲಿರಬೇಕು" ಅಂತ ಹೊರಡುವ ನಮ್ಮ ಮನೆಯವರಿಗೆ ಇದು ಹೊಸದೇನಲ್ಲ, ಅಲ್ವಾ? ಗಾಬರಿ, ಹುಡುಕಾಟ, ಸಿಕ್ಕ ಮೇಲೆ ಅಮ್ಮನ ಬೈಗುಳ, ಎಲ್ಲವೂ ಅಲ್ಲಿದೆ. ದೇವರ ಮಗ ಬೆಳೆದದ್ದು ಇಂಥ ಗಡಿಬಿಡಿಯ ಸಂಸಾರದಲ್ಲೇ ಅನ್ನುವುದು ನನಗಂತೂ ದೊಡ್ಡ ಸಮಾಧಾನ.

ನಮಗೂ ಈ ವರ್ಷ ಗಡಿಬಿಡಿಗೆ ಕೊರತೆ ಇರಲಿಲ್ಲ. ಪರೀಕ್ಷೆ, ಆಸ್ಪತ್ರೆ, ಮನೆ ಬದಲಾವಣೆ, ನಡುವೆ ಪುಟ್ಟಿಯ ದೀಕ್ಷಾಸ್ನಾನ. ಓದಿದ ಮೇಲೆ ಒಬ್ಬೊಬ್ಬರೂ ದೇವರಿಗೆ ಕೃತಜ್ಞತೆ ಹೇಳಬೇಕಾದ ಒಂದು ವಿಷಯ ಹೇಳಿ. ದೊಡ್ಡದೇ ಆಗಬೇಕೆಂದಿಲ್ಲ. ಅಜ್ಜಿಯ ಮಂಡಿನೋವು ಕಡಿಮೆಯಾದದ್ದೂ ಸಾಕು. ಮಕ್ಕಳೇ ಮೊದಲು ಶುರು ಮಾಡಲಿ.

ಮಂಗಳೂರಿನಿಂದ ಬರುವವರು ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಜಾಸ್ತಿ ತನ್ನಿ, ಅದರಲ್ಲೂ ಗುಳಿಯೊ. ಕಳೆದ ಸಲ 'ಆಮೆನ್' ಹೇಳುವ ಮೊದಲೇ ಡಬ್ಬಿ ಖಾಲಿಯಾಗಿತ್ತು.

ನಮ್ಮ ಸಂಜೆ 7 ಅಂದರೆ ದುಬೈಯಲ್ಲಿರುವವರಿಗೆ ಸಂಜೆ 5.30. ವಿಡಿಯೊ ಕಾಲ್ ನಾವೇ ಮಾಡುತ್ತೇವೆ, ಫೋನ್ ಹತ್ತಿರ ಇಟ್ಟುಕೊಂಡಿರಿ. ಊಟಕ್ಕೆ ಎಷ್ಟು ಜನ ಅಂತ ದೊಡ್ಡಮ್ಮನಿಗೆ 29ರೊಳಗೆ ತಿಳಿಸಿ.