ಬೋಧನೆಯ ಜಗಳ ಬೇರೆ, ಲೆಕ್ಕದ ಜಗಳ ಬೇರೆ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಚರ್ಚಿನಿಂದ ಬೆಳೆದ ಆಂಗ್ಲಿಕನ್ ಸಭೆಯ (ಚರ್ಚಿನ) ಒಡಕಿನ ಸುದ್ದಿ ಬಂದಾಗಲೆಲ್ಲ ಪಾದ್ರಿಗಳ ಮೇಲಿನ ಹಣಕಾಸಿನ ಆರೋಪಗಳೂ ಬೆನ್ನಿಗೇ ಬರುತ್ತವೆ. ಓದುವವರಿಗೆ ಎರಡೂ ಒಂದೇ ಎನಿಸುತ್ತದೆ. ಕರಾವಳಿಗೆ ಇದು ದೂರದ ಸಂಗತಿಯಲ್ಲ. ನಮ್ಮ ಹೆಚ್ಚಿನ ಸಭೆಗಳ ಬೇರು 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನದಾದರೂ, 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆಂಗ್ಲಿಕನ್ ಬಳಗದ ಸದಸ್ಯ.

ಬೋಧನೆಯ ಒಡಕು ನಿಜವಾದದ್ದು. 2003ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸಲಿಂಗಿ ಪಾದ್ರಿ ಜೀನ್ ರಾಬಿನ್ಸನ್ ಅವರಿಗೆ ಬಿಷಪ್ ದೀಕ್ಷೆಯಾಯಿತು. 2008ರಲ್ಲಿ ಅದನ್ನು ಒಪ್ಪದವರು ಜೆರುಸಲೇಮಿನಲ್ಲಿ ಗ್ಯಾಫ್‌ಕಾನ್ ಎಂಬ ಸಂಪ್ರದಾಯವಾದಿ ಆಂಗ್ಲಿಕನರ ಕೂಟ ಕಟ್ಟಿದರು. 2025ರಲ್ಲಿ ಸಾರಾ ಮಲಲಿ ಆಂಗ್ಲಿಕನ್ ಬಳಗದ ಹಿರಿಯ ಸ್ಥಾನವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪದವಿಗೆ ಏರುವ ಮೊದಲ ಮಹಿಳೆಯಾಗುತ್ತಾರೆಂದು ಪ್ರಕಟವಾದ ಮೇಲೆ ಬಿರುಕು ಇನ್ನೂ ಅಗಲವಾಗಿದೆ. ಮಹಿಳೆಯರ ವಿಷಯದಲ್ಲಿ ನಾವು ಇಂಗ್ಲೆಂಡಿಗಿಂತ ಮುಂದಿದ್ದೇವೆ: ಸಿ.ಎಸ್.ಐ.ಗೆ 2013ರಲ್ಲೇ ಮಹಿಳಾ ಬಿಷಪ್ ಬಂದರು, ಅಲ್ಲಿ 2015ರಲ್ಲಿ.

ಇಂಗ್ಲೆಂಡಿನಿಂದ ಕಲಿಯಬೇಕಾದದ್ದು ಬೇರೆ. ಅಲ್ಲಿನ 2003ರ ಪಾದ್ರಿ ಶಿಸ್ತು ಕಾನೂನು ನಡತೆಯ ದೂರುಗಳಿಗೆ ಮಾತ್ರ. ಬೋಧನೆ, ಆರಾಧನಾ ವಿಧಿಯ ತಕರಾರು 1963ರ ಇನ್ನೊಂದು ಕಾನೂನಿಗೆ ಹೋಗುತ್ತದೆ. ನಮ್ಮಲ್ಲಿ ಲೆಕ್ಕ ಕೇಳಿದವನಿಗೆ ‘ನೀನು ಆ ಗುಂಪಿನವನು’ ಎಂಬ ಉತ್ತರ ಸಿಗುತ್ತದೆ. ಪಾದ್ರಿಯ ಬೋಧನೆ ಹಿಡಿಸದವನು ‘ಅಯ್ಯನವರು ಹಣ ತಿಂದರು’ ಎನ್ನುತ್ತಾನೆ. ಇವೆರಡೂ ನಿಲ್ಲಬೇಕು.

ಹಣ ಎಲ್ಲಿ ಸೋರುತ್ತದೆಂದು ಲೆಕ್ಕ ನೋಡುವವರಿಗೆ ಗೊತ್ತು. ಬೆಳೆ ಹಬ್ಬದ ಏಲಂ ನೋಡಿ. ಬಾಳೆಗೊನೆ, ಕುಂಬಳಕಾಯಿ, ಊರ ಕೋಳಿ ಉತ್ಸಾಹದಲ್ಲಿ ಸಾವಿರಗಟ್ಟಲೆಗೆ ಹೋಗುತ್ತವೆ. ಕೂಗಿದ ಮೊತ್ತವನ್ನು ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಹಣ ‘ಆಮೇಲೆ’ ಬರುತ್ತದೆ. ಮೈಕಿನಲ್ಲಿ ಹೇಳಿದ ಒಟ್ಟು ಮೊತ್ತಕ್ಕೂ ಬ್ಯಾಂಕಿಗೆ ಕಟ್ಟಿದ್ದಕ್ಕೂ ತಾಳೆಯಾಗದೆ ಮೂರು ತಿಂಗಳಲ್ಲಿ ಪಾದ್ರಿಯ ಮೇಲೆ ಆರೋಪ ಏಳುತ್ತದೆ. ಕೂಗಿದ್ದು, ಕೊಟ್ಟಿದ್ದು, ಬಾಕಿ ಎಂದು ಮೂರು ಕಾಲಂ ಬರೆದು, ಕೊಟ್ಟವರಿಗೆ ಅಲ್ಲೇ ರಸೀದಿ ಹರಿದು, ಬಾಕಿಯ ಪಟ್ಟಿಯನ್ನು ತಿಂಗಳೊಳಗೆ ಸಮಿತಿಯ ಮುಂದಿಟ್ಟರೆ ಈ ಅನುಮಾನಕ್ಕೆ ಜಾಗವೇ ಇಲ್ಲ.

ಭಾನುವಾರದ ಕಾಣಿಕೆಯನ್ನು ಸಂಬಂಧಿಕರಲ್ಲದ ಇಬ್ಬರು ದೇವಾಲಯದಲ್ಲೇ ಎಣಿಸಬೇಕು. 500ರ ನೋಟು ಎಷ್ಟು, 100ರದ್ದು ಎಷ್ಟು ಎಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಸೋಮವಾರ ಅಷ್ಟೂ ಹಣ ಬ್ಯಾಂಕಿಗೆ ಹೋಗಬೇಕು. ಹೂವಿನ ಖರ್ಚು, ರಿಕ್ಷಾ ಬಾಡಿಗೆ ಎಂದು ಹರಿವಾಣದಿಂದಲೇ ತೆಗೆದರೆ ಚೀಟಿಗೂ ಪಾಸ್‌ಬುಕ್ಕಿಗೂ ಎಂದೂ ಹೊಂದುವುದಿಲ್ಲ; ಚಿಲ್ಲರೆ ಖರ್ಚಿಗೆ ಬೇರೆ ಮುಂಗಡ ಇಡಬೇಕು. ಕಟ್ಟಡ ನಿಧಿಯಿಂದ ಸಂಬಳ ಕೊಡುವುದು ಕಳ್ಳತನವಲ್ಲದಿರಬಹುದು, ಆದರೆ ದಾನ ಕೊಟ್ಟವರಿಗೆ ಮಾಡಿದ ಮೋಸವೇ. ವಿದೇಶಿ ದೇಣಿಗೆಯದು ಇನ್ನೂ ಬಿಗಿ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಪ್ರಕಾರ ಅದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ.

ದೊಡ್ಡ ಹಣವಿರುವುದು ಜಾಗದಲ್ಲಿ. ಸಿ.ಎಸ್.ಐ. ಆಸ್ತಿಯಲ್ಲಿ ಹೆಚ್ಚಿನದು ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಎಂಬ ಕಂಪನಿಯ ಹೆಸರಿನಲ್ಲಿದೆ. ಸ್ಥಳೀಯರು ಪವರ್ ಆಫ್ ಅಟಾರ್ನಿಯ ಮೇಲೆ ವ್ಯವಹಾರ ನಡೆಸುತ್ತಾರೆ. ಆ ಪತ್ರದಲ್ಲಿ ಮಾರುವ ಅಧಿಕಾರವಿದೆಯೋ, ಬಾಡಿಗೆ ವಸೂಲಿಯದು ಮಾತ್ರವೋ ಎಂಬುದನ್ನು ಯಾರೂ ಓದುವುದಿಲ್ಲ. ಸರ್ವೆ ನಂಬರ್ ಇದ್ದರೆ ರಾಜ್ಯ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಇ.ಸಿ. (ಋಣಭಾರ ಪತ್ರ) ತೆಗೆಸಬಹುದು. ನಮೂನೆ 15 ಬಂದರೆ ಆ ಅವಧಿಯಲ್ಲಿ ವ್ಯವಹಾರ ನೋಂದಣಿಯಾಗಿದೆ, ನಮೂನೆ 16 ಬಂದರೆ ಇಲ್ಲ. ಅಮೆರಿಕದ ವರ್ಜೀನಿಯಾದಲ್ಲಿ 2006ರಲ್ಲಿ ಬೋಧನೆಯ ಕಾರಣಕ್ಕೆ ಹೊರನಡೆದ ಫಾಲ್ಸ್ ಚರ್ಚ್ ಸಭೆಯವರು 2012ರ ತೀರ್ಪಿನಿಂದ ತಮ್ಮ ದೇವಾಲಯವನ್ನೇ ಬಿಡಬೇಕಾಯಿತು. ಬೇರೆಯಾಗುವ ಮಾತಾಡುವವರು ಮೊದಲು ಆಸ್ತಿ ಪತ್ರ ಓದಲಿ.

ದೂರು ಕೊಡುವವರು ದಿನಾಂಕ, ಮೊತ್ತ, ವೋಚರ್ ಸಂಖ್ಯೆ ಬರೆದು ಹೆಸರು ಹಾಕಿ ಕೊಡಲಿ. ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಅನಾಮಧೇಯ ಪತ್ರದಿಂದ ತಪ್ಪಿತಸ್ಥನೂ ಪಾರಾಗುತ್ತಾನೆ, ನಿರಪರಾಧಿಯ ಮರ್ಯಾದೆಯೂ ಹೋಗುತ್ತದೆ. ಸಮಿತಿಗಳು ಲೆಕ್ಕ ಪರಿಶೋಧಕರ ವರದಿಯನ್ನು ಅವರ ಟಿಪ್ಪಣಿಗಳ ಸಹಿತ ಮಹಾಸಭೆಗೆ ಎರಡು ವಾರ ಮೊದಲೇ ನೋಟಿಸ್ ಬೋರ್ಡಿಗೆ ಅಂಟಿಸಲಿ. ಬರುವ ಮಹಾಸಭೆಯಿಂದಲೇ ಇದು ಶುರುವಾಗಬೇಕೆಂದು ಬಿಷಪರನ್ನೂ ಎಲ್ಲ ಸಭೆಗಳ ಖಜಾಂಚಿಗಳನ್ನೂ ಕೇಳಿಕೊಳ್ಳುತ್ತೇವೆ.

— ಸಭೆಗಳ ಲೆಕ್ಕ ನೋಡುವ ಕೆಲವರು, ಬಲ್ಮಠ, ಮಂಗಳೂರು