ನೂಲಿನ ಬೆಲೆಯನ್ನು ಉಂಡೆಯಿಂದಲ್ಲ, ಉಡುಪಿನಿಂದ ಅಳೆಯೋಣ

ಮಾನ್ಯ ಸಂಪಾದಕರೇ,

ಹೆಣಿಗೆಯ ನೂಲು ಮಾರುವ ಸಣ್ಣ ಅಂಗಡಿಗಳು ದುಬಾರಿ ನೂಲಿಟ್ಟು ಹೆಸರು ಗಳಿಸಬೇಕೋ, ಅಗ್ಗದ ನೂಲಿಟ್ಟು ವ್ಯಾಪಾರ ಉಳಿಸಿಕೊಳ್ಳಬೇಕೋ ಎಂಬ ಪ್ರಶ್ನೆ ಈ ಕಸುಬಿನವರ ನಡುವೆ ಮತ್ತೆ ಮತ್ತೆ ಏಳುತ್ತದೆ. ಅಂಥದೊಂದು ಅಂಗಡಿ ನಡೆಸುತ್ತಿರುವ ನನಗೆ ತೋರುವುದೇನೆಂದರೆ, ಲೇಬಲ್ಲಿನಲ್ಲಿರುವ ನಾರಿನ ಹೆಸರಾಗಲಿ ಉಂಡೆಯೊಂದರ ಬೆಲೆಯಾಗಲಿ ಇದಕ್ಕೆ ಉತ್ತರ ಕೊಡುವುದಿಲ್ಲ. ಹೆಣೆದು ಮುಗಿಸಿದ ಉಡುಪಿಗೆ ಒಟ್ಟು ಎಷ್ಟು ಖರ್ಚಾಯಿತು, ಅದು ಎಷ್ಟು ಕಾಲ ಬಾಳಿತು ಎಂಬ ಲೆಕ್ಕವನ್ನೇ ಹಾಕಬೇಕಾಗುತ್ತದೆ.

ನೂಲು ತೂಕದಲ್ಲಿ ಮಾರಾಟವಾಗುತ್ತದೆ, ಆದರೆ ಹೆಣೆಯುವವರಿಗೆ ಬೇಕಾದದ್ದು ಉದ್ದ. ಒಂದು ಘನ ಸೆಂಟಿಮೀಟರ್ ಹತ್ತಿಯ ನಾರು ಸುಮಾರು 1.5 ಗ್ರಾಂ ತೂಗಿದರೆ ಉಣ್ಣೆ ಸುಮಾರು 1.3 ಗ್ರಾಂ ತೂಗುತ್ತದೆ, ಕೃತಕ ನಾರಾದ ಅಕ್ರಿಲಿಕ್ ಅದಕ್ಕಿಂತಲೂ ಹಗುರ. ಹೀಗಾಗಿ ಒಂದೇ ದಪ್ಪದ, ಒಂದೇ ತೂಕದ ಉಂಡೆಗಳಲ್ಲಿ ಸಾಮಾನ್ಯವಾಗಿ ಹತ್ತಿಯದು ಬೇಗ ಮುಗಿಯುತ್ತದೆ. ವಯಸ್ಕರ ಸ್ವೆಟರೊಂದಕ್ಕೆ ಮಧ್ಯಮ ದಪ್ಪದ ನೂಲು 1,000 ಮೀಟರಿಗೂ ಹೆಚ್ಚು ಬೇಕಾಗುವುದು ಸಾಮಾನ್ಯವಾದ್ದರಿಂದ, ಅಗ್ಗವೆಂದು ಕೊಂಡ ಉಂಡೆಗಳು ಎರಡೋ ಮೂರೋ ಹೆಚ್ಚಿಗೆ ಬೇಕಾದಾಗ ಉಳಿತಾಯವೆಲ್ಲ ಅಲ್ಲಿಯೇ ಕರಗಿಹೋಗುತ್ತದೆ.

ದುಬಾರಿ ನೂಲೆಂದರೆ ಬಾಳಿಕೆಯ ನೂಲು ಎಂಬ ನಂಬಿಕೆಯನ್ನೂ ಇಲ್ಲಿ ಪರಿಶೀಲಿಸಬೇಕು. ಕ್ಯಾಶ್ಮೀರ್ ಮೇಕೆಯ ಒರಟು ಕೂದಲನ್ನು ಬೇರ್ಪಡಿಸಿದ ಮೇಲೆ ವರ್ಷಕ್ಕೆ ಕೈಗೆ ಸಿಗುವ ನವಿರಾದ ಒಳತುಪ್ಪಳ ಸುಮಾರು 200 ಗ್ರಾಂ ಮಾತ್ರ. ಅದರ ನಾರಿನ ದಪ್ಪ ಸರಾಸರಿ 19 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಅಥವಾ ಅದಕ್ಕೂ ಕಡಿಮೆ. ಆದ್ದರಿಂದ ಅದರ ಬೆಲೆ ಅನ್ಯಾಯದ್ದಲ್ಲ. ಆದರೆ ಆ ನವಿರೇ ಅದರ ಮಿತಿಯೂ ಹೌದು: ಚಿಕ್ಕದಾದ, ತೆಳುವಾದ ನಾರುಗಳು ಉಜ್ಜಾಟಕ್ಕೆ ಸಿಕ್ಕಾಗ ಹೊರಬಂದು ಗುಂಜು ಕಟ್ಟುತ್ತವೆ. ಸಡಿಲವಾಗಿ ಹುರಿಗೊಳಿಸಿದ ಒಂಟಿ ಎಳೆಯ ಮೆರಿನೋ (ನವಿರು ಉಣ್ಣೆಯ ಕುರಿತಳಿ) ನೂಲಿಗೂ ಇದೇ ಗತಿ. ಕೈಯಲ್ಲಿ ಹಿಡಿದಾಗ ಬೆಣ್ಣೆಯಂತಿರುವ ಆ ಲಡಿಗಿಂತ, ಬಿಗಿಯಾಗಿ ಹುರಿಗೊಳಿಸಿದ ಮೂರು ಅಥವಾ ನಾಲ್ಕು ಎಳೆಯ ಸಾಧಾರಣ ಉಣ್ಣೆ ನೂಲು ಮೊಣಕೈಯ ಬಳಿ ಎಷ್ಟೋ ಹೆಚ್ಚು ಕಾಲ ತಾಳುತ್ತದೆ. ಕಾಲುಚೀಲದ ನೂಲಿಗೆ ಮುಕ್ಕಾಲು ಪಾಲು ಉಣ್ಣೆಯೊಡನೆ ಕಾಲು ಪಾಲು ನೈಲಾನ್ ಬೆರೆಸುವ ರೂಢಿ ಬಂದಿರುವುದೂ ಹಿಮ್ಮಡಿಯ ಸವೆತವನ್ನು ತಡೆಯಲೆಂದೇ. ಅಲ್ಲಿ ಶುದ್ಧ ಉಣ್ಣೆಯೇ ಶ್ರೇಷ್ಠವೆಂದು ಹೇಳುವುದು ಗ್ರಾಹಕರಿಗೆ ಮಾಡುವ ಉಪಕಾರವಲ್ಲ.

ಹಾಗೆಂದು ಅತಿ ಅಗ್ಗದ ನೂಲನ್ನು ನಾನು ಸಮರ್ಥಿಸುತ್ತಿಲ್ಲ. ಅಕ್ರಿಲಿಕ್ ನೂಲನ್ನು ಕೀಳಾಗಿ ಕಾಣುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪದೇ ಪದೇ ಒಗೆಯಬೇಕಾದ ಹೊದಿಕೆಗೆ, ಉಣ್ಣೆ ಚುಚ್ಚುತ್ತದೆ ಎನ್ನುವವರಿಗೆ, ಈಗಷ್ಟೇ ಕಡ್ಡಿ ಹಿಡಿದವರಿಗೆ ಒಳ್ಳೆಯ ಅಕ್ರಿಲಿಕ್ ಯೋಗ್ಯವಾದ ನೂಲೇ. ಆದರೆ ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ, ಅಕ್ರಿಲಿಕ್ಕಿಗೆ ಆ ಗುಣವಿಲ್ಲ. ಬಿಸಿ ಇಸ್ತ್ರಿ ತಾಗಿದರೆ ಅದರ ಹೆಣಿಗೆ ಮತ್ತೆ ಸರಿಯಾಗದಂತೆ ಚಪ್ಪಟೆಯಾಗುತ್ತದೆ. ಈ ಮಾತನ್ನು ಮಾರುವ ಮೊದಲೇ ಹೇಳಬೇಕು. ಸ್ವೆಟರೊಂದರ ಹಿಂದೆ ಹತ್ತಾರು ಗಂಟೆಗಳ ಕೈಕೆಲಸವಿರುತ್ತದೆ. ಕೆಲವೇ ಒಗೆತಕ್ಕೆ ಆಕಾರಗೆಡುವ ನೂಲನ್ನು ಕೊಟ್ಟರೆ ಹಾಳಾಗುವುದು ಹಣಕ್ಕಿಂತ ಹೆಚ್ಚಾಗಿ ಆ ಗಂಟೆಗಳು.

ಅಂಗಡಿಯ ಬಂಡವಾಳದ ಕಡೆಯಿಂದಲೂ ಇದು ಹೊಂದುತ್ತದೆ. ನಾಲ್ಕಾರು ಬಗೆಯ ದುಬಾರಿ ನೂಲನ್ನು ಎರಡೆರಡು ಉಂಡೆಯಂತೆ ತಂದಿಟ್ಟರೆ ಕಪಾಟು ಚೆನ್ನಾಗಿ ಕಾಣುತ್ತದೆ, ಆದರೆ ಒಂದು ಉಡುಪಿಗೆ ಸಾಲುವಷ್ಟು ಯಾವುದೂ ಇರುವುದಿಲ್ಲ. ಮತ್ತೆ ತರಿಸಿದರೆ ಡೈ ಲಾಟ್, ಅಂದರೆ ಒಂದೇ ಸಲ ಬಣ್ಣ ಹಾಕಿದ ನೂಲಿನ ಕಂತು, ಬದಲಾಗಿ ಬಣ್ಣ ಕೂಡುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಒಂದು ಮಧ್ಯಮ ಬೆಲೆಯ ಉಣ್ಣೆ ನೂಲನ್ನು ಆರಿಸಿ, ಅದರ ಬಣ್ಣಗಳನ್ನೆಲ್ಲ ಒಂದೊಂದು ಸ್ವೆಟರಿಗೆ ಸಾಲುವಂತೆ ಇಟ್ಟುಕೊಳ್ಳುವುದು ಮೇಲು. ರೇಷ್ಮೆ, ಕ್ಯಾಶ್ಮೀರ್, ಅಂಗೋರಾ ಮೇಕೆಯ ಕೂದಲಾದ ಮೊಹೇರ್‌ಗಳಿಗೂ ಜಾಗವಿರಲಿ, ಆದರೆ ಒಂದೇ ಲಡಿಯಲ್ಲಿ ಮುಗಿಯುವ ಟೋಪಿ, ಕುತ್ತಿಗೆಪಟ್ಟಿಗಳ ಲೆಕ್ಕದಲ್ಲಿ. ಕೈ ಬಿಗಿಯಿರುವವರಿಗೂ ಆಗ ಆ ನವಿರು ಎಟುಕುತ್ತದೆ.

ನೂಲು ತಯಾರಕರಲ್ಲಿಯೂ ಸಗಟು ವ್ಯಾಪಾರಿಗಳಲ್ಲಿಯೂ ನನ್ನದೊಂದು ವಿನಂತಿಯಿದೆ. ಉದ್ದವನ್ನು ಮೀಟರಿನಲ್ಲಿ, ಎಳೆಗಳ ಸಂಖ್ಯೆಯನ್ನು, ಡೈ ಲಾಟನ್ನು ಪ್ರತಿ ಲೇಬಲ್ಲಿನ ಮೇಲೂ ಸ್ಪಷ್ಟವಾಗಿ ಮುದ್ರಿಸಲಿ. ಕನಿಷ್ಠ ಖರೀದಿಯ ಪ್ರಮಾಣವನ್ನು ದೊಡ್ಡ ಮಳಿಗೆಗಳಿಗೆ ತಕ್ಕಂತೆ ಮಾತ್ರ ನಿಗದಿಪಡಿಸದೆ, ಒಂದೇ ಡೈ ಲಾಟಿನ ಸಣ್ಣ ಕಟ್ಟುಗಳನ್ನೂ ಸಣ್ಣ ಅಂಗಡಿಗಳಿಗೆ ಒದಗಿಸಲಿ.

ಇತಿ,
ನೂಲಿನ ಅಂಗಡಿಯೊಂದರ ಮಾಲೀಕೆ